ಕೂಗದ ಬಾಟಲಿ

ಆಸ್ಪತ್ರೆಯ ಹಿಂಬಾಗಿಲಿನಿಂದ ಹೊರಟು, ಬಟ್ಟೆ ಒಗೆಯುವ ಶೆಡ್ಡು ದಾಟಿದರೆ ಒಂದು ಹಾಳುಬಾವಿ ಇದೆ. ನೀರು ಬತ್ತಿ ಎಷ್ಟು ಕಾಲವಾಯಿತೋ ಯಾರಿಗೂ ನೆನಪಿಲ್ಲ. ಯಾರಾದರೂ ಬಿದ್ದಾರು ಅಂತ ಬಾಯಿಗೆ ಕಬ್ಬಿಣದ ಜಾಲರಿ ಕೂರಿಸಿದ್ದಾರೆ. ಅವತ್ತು ನಮ್ಮ ದೊಡ್ಡಮ್ಮನ ಮಗ ಆಸ್ಪತ್ರೆಯ ಕೆಲಸ ಮುಗಿಸಿ, ತಡರಾತ್ರಿ, ಆ ದಾರಿಯಲ್ಲೇ ಬರ್ತಿದ್ದ. ಒಬ್ಬನೇ. ಇದ್ದದ್ದು ಒಂದು ಬೀದಿದೀಪ, ಅದಕ್ಕೂ ಉರಿಯಲೋ ಬೇಡವೋ ಅನ್ನೋ ಅನುಮಾನ.

ಬಾವಿಯ ಹತ್ತಿರ ಬಂದಾಗ ಸದ್ದು ಕೇಳಿಸಿತು.

ಬುಳು ಬುಳು ಬುಳು ಬುಳು...

ನೀವಾಗಿದ್ದರೆ ಕಪ್ಪೆ ಅಂದುಕೊಂಡು ಮುಂದೆ ಹೋಗ್ತಿದ್ದಿರಿ. ನಾನಾಗಿದ್ದರೆ ಚಪ್ಪಲಿ ಅಲ್ಲೇ ಬಿಟ್ಟು ಓಡ್ತಿದ್ದೆ. ಅವನು ನಿಂತ. ಯಾಕೆ ಅಂದರೆ ಆ ಸದ್ದು ಅವನಿಗೆ ಹೆಂಡತಿಯ ಧ್ವನಿಗಿಂತ ಹೆಚ್ಚು ಪರಿಚಯ. ಅದು ಆಕ್ಸಿಜನ್ ಬಾಟಲಿಯ ಸದ್ದು.

ಆಸ್ಪತ್ರೆಯಲ್ಲಿ ನೀವು ನೋಡಿರ್ತೀರಿ. ರೋಗಿಯ ತಲೆಯ ಹಿಂದೆ, ಗೋಡೆಯಲ್ಲಿ, ಆಕ್ಸಿಜನ್ ಬರುವ ನಲ್ಲಿ. ಅದಕ್ಕೆ ತೂಗುಹಾಕಿದ ಒಂದು ನೀರಿನ ಬಾಟಲಿ. ಒಣ ಗಾಳಿ ನೇರವಾಗಿ ಹೋದರೆ ಮೂಗು ಗಂಟಲು ಒಡೆದು ರಕ್ತ ಬರುತ್ತೆ, ಅದಕ್ಕೇ ಆ ನೀರಿನೊಳಗಿಂದ ಗುಳ್ಳೆ ಗುಳ್ಳೆಯಾಗಿ ಹಾಯಿಸಿ ತೇವ ಮಾಡಿ ಟ್ಯೂಬಿಗೆ ಬಿಡ್ತಾರೆ. ಅಲ್ಲಿಂದ ಮೂಗಿನ ನಳಿಕೆಗೋ ಮಾಸ್ಕಿಗೋ ಹೋಗುತ್ತೆ. ಬುಳುಬುಳು ಅಂತಿದ್ದರೆ ರೋಗಿಗೆ ಉಸಿರು ಹೋಗ್ತಿದೆ ಅಂತ ಲೆಕ್ಕ.

ನೀರಿಲ್ಲದ ಬಾವಿಯಲ್ಲಿ ಆ ಸದ್ದು... ಬುಳು ಬುಳು ಬುಳು... ಆಮೇಲೆ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನಿಂತೇಹೋಯಿತು.

ಅವನು ಕಾದ. ಗುಳ್ಳೆ ಹಾಗೆ ಥಟ್ಟನೆ ನಿಂತರೆ ಮುಂದೆ ಒಂದು ಕೂಗು ಬರಬೇಕು. ಬಾಟಲಿಯ ಮುಚ್ಚಳದಲ್ಲಿ ಒಂದು ಸಣ್ಣ ಕಿಂಡಿ ಇರುತ್ತೆ. ರೋಗಿಗೆ ಹೋಗುವ ಟ್ಯೂಬು ಎಲ್ಲಾದರೂ ಮಡಚಿಕೊಂಡರೆ ಗಾಳಿಗೆ ದಾರಿ ಇಲ್ಲದೆ ಆ ಕಿಂಡಿಯಿಂದ ನುಗ್ಗುತ್ತೆ. ಪೀ... ಅಂತ ಇಡೀ ವಾರ್ಡಿಗೆ ಕೇಳಿಸುವ ಹಾಗೆ ಕೂಗುತ್ತೆ. ನಮ್ಮ ಮನೆಯ ಕುಕ್ಕರ್ ಕೂಗುವುದಕ್ಕೂ ಅದಕ್ಕೂ ಅಂಥ ವ್ಯತ್ಯಾಸ ಇಲ್ಲ.

ಕೂಗು ಬರಲಿಲ್ಲ. ಬೆನ್ನ ಹಿಂದೆ, ಕಿವಿಗೆ ಉಸಿರು ತಾಗುವಷ್ಟು ಹತ್ತಿರ, ಯಾರೋ ಹೆಂಗಸು ಪಿಸುಗುಟ್ಟಿದಳು.

"ಕೇಳಿಸ್ತಾ?"

ಅವನು ತಿರುಗಲಿಲ್ಲ. "ಇಲ್ಲ..." ಅಂದ.

"ಅವತ್ತೂ ಯಾರಿಗೂ ಕೇಳಿಸ್ಲಿಲ್ಲ."

ಅವನ ಮನೆ ದೂರ ಇತ್ತು, ನಮ್ಮ ಮನೆ ಹತ್ತಿರ. ಹಾಗಾಗಿ ನಮ್ಮ ಬಾಗಿಲು ಬಡಿದ. ಆ ಬಡಿತ ಕೇಳಿ ಪೊಲೀಸರೇ ಬಂದರು ಅಂದುಕೊಂಡೆ. ಮುಖದಲ್ಲಿ ರಕ್ತ ಇಲ್ಲ, ಅಂಗಿ ಹಿಂಡಿದರೆ ಬಕೆಟ್ ಬೆವರು. ನನ್ನ ಹೆಂಡತಿ ನೀರು ತಂದುಕೊಟ್ಟಳು, ಅವನು ಲೋಟ ನೋಡಿ ಹಿಂದೆ ಸರಿದ. ಅದರಲ್ಲೂ ಗುಳ್ಳೆ ಏಳಬಹುದು ಅಂತ ಹೆದರಿಕೆ. ಆಮೇಲೆ ಒಂದೊಂದಾಗಿ ಬಾಯಿಬಿಟ್ಟ. ಕೇಳ್ತಾ ಕೇಳ್ತಾ ನನಗೆ ಹೆದರಿಕೆ ಇಳಿದು ಸಿಟ್ಟು ಏರಿತು ನೋಡಿ... ಇವತ್ತಿಗೂ ಇಳಿದಿಲ್ಲ.

ಅವನು ಉಸಿರಾಟದ ವಾರ್ಡಿನ ಇನ್‌ಚಾರ್ಜ್. ಕೆಲಸದಲ್ಲಿ ಗಟ್ಟಿಗ, ಅದನ್ನ ಇಲ್ಲ ಅನ್ನಲ್ಲ. ಆದರೆ ಸದ್ದು ಅಂದರೆ ಆಗದು. ಟ್ರೇ ಇಟ್ಟರೆ ಉಶ್, ಚಪ್ಪಲಿ ಎಳೆದರೆ ಉಶ್, ರೋಗಿ ನರಳಿದರೂ ಉಶ್. ವಾರ್ಡಿನಲ್ಲಿ ಅವನ ಬೆನ್ನ ಹಿಂದೆ 'ಉಶ್ಶಪ್ಪ' ಅಂತ ಹೆಸರು. ಆ ಆಸ್ಪತ್ರೆಯ ದೊಡ್ಡವರಿಗೆ ಒಂದು ಹುಚ್ಚು, ವರ್ಷಕ್ಕೊಮ್ಮೆ ಎಲ್ಲಕ್ಕಿಂತ ಶಾಂತವಾದ ವಾರ್ಡಿಗೆ ಒಂದು ಹಿತ್ತಾಳೆ ಶೀಲ್ಡು ಕೊಡೋದು. ಅಲ್ಲಪ್ಪಾ, ಆಸ್ಪತ್ರೆಗೆ ಜನ ಬರೋದು ಬದುಕೋದಕ್ಕೋ, ಸುಮ್ಮನಿರೋದಕ್ಕೋ? ಶೀಲ್ಡು ಬಂದವರಿಗೆ ಬಡ್ತಿಯಲ್ಲಿ ಒಂದು ಹೆಜ್ಜೆ ಮುಂದೆ. ಇವನ ಕಣ್ಣು ಸೂಪರಿಂಟೆಂಡೆಂಟ್ ಕುರ್ಚಿಯ ಮೇಲೆ.

ಅಡ್ಡಿ ಅಂದರೆ ಈ ಬಾಟಲಿಗಳು. ರೋಗಿಗಳು ನಿದ್ದೆಯಲ್ಲಿ ಮಗ್ಗಲು ಬದಲಿಸ್ತಾರೆ, ಟ್ಯೂಬಿನ ಮೇಲೆ ಮಲಗ್ತಾರೆ, ಬಾಟಲಿ ಪೀ ಅನ್ನುತ್ತೆ. ನರ್ಸ್ ಓಡಿ ಬಂದು ಬಿಡಿಸಬೇಕು. ಇನ್ನೊಂದು ಪೀ. ಇವನು ಏನು ಮಾಡಿದ ಅಂತೀರಿ? ಸೂಜಿ ಚುಚ್ಚಿದ ಜಾಗಕ್ಕೆ ಹಾಕುವ ಪಾರದರ್ಶಕ ಪ್ಲಾಸ್ಟರ್ ಇರುತ್ತಲ್ಲ, ಅದನ್ನ ಸಣ್ಣಗೆ ಕತ್ತರಿಸಿ ಒಂದೊಂದು ಮುಚ್ಚಳದ ಕಿಂಡಿಗೂ ಅಂಟಿಸಿಬಿಟ್ಟ. ಯಾರೂ ಇಲ್ಲದ ಹೊತ್ತು ನೋಡಿ, ತಾನೇ. ಕಣ್ಣಿಗೆ ಕಾಣಲ್ಲ. ವಾರ್ಡು ತಣ್ಣಗಾಯಿತು. ಶೀಲ್ಡೂ ಬಂತು. ನಮ್ಮ ಮನೆಗೆ ಸಿಹಿ ತಂದು ಹಂಚಿದ. ಆ ಸಿಹಿ ನಾನು ಎರಡು ಸಲ ಹಾಕಿಸಿಕೊಂಡು ತಿಂದಿದ್ದೆ, ಅದನ್ನ ನೆನೆದರೆ ಈಗಲೂ ಬಾಯಿ ಕಹಿ.

ಆ ವಾರ್ಡಿಗೆ ಬಂದವಳು ಒಬ್ಬ ಹೊಲಿಗೆಯಮ್ಮ. ಜೀವನವೆಲ್ಲ ಮಷೀನಿನ ಮುಂದೆ ಕೂತು ನೂಲಿನ ದೂಳು ಕುಡಿದು ಶ್ವಾಸಕೋಶ ಹಾಳಾಗಿತ್ತು. ಬಾಯಿ ಮಾತ್ರ ಚೂರೂ ಹಾಳಾಗಿರಲಿಲ್ಲ. ದಿಂಬು ಗಟ್ಟಿ ಅಂತ ಬೈಗುಳ, ಗಂಜಿ ತೆಳು ಅಂತ ಬೈಗುಳ. ಡಾಕ್ಟರ ಕೋಟಿನ ಗುಂಡಿ ನೋಡಿ, ಹೊಲಿದವನಿಗೆ ಕೈ ಇತ್ತೋ ಕಾಲಿತ್ತೋ ಅಂತ ಕೇಳಿದ್ದಳಂತೆ. ಅವಳಿಗೂ ಒಂದು ಅಡ್ಡಹೆಸರು ಬಿತ್ತು, ಮೆಣಸಿನಕಾಯಿ. ಹೊಸದಾಗಿ ಸೇರಿದ ಒಬ್ಬ ನರ್ಸ್ ಹುಡುಗಿ ಮಾತ್ರ ಅವಳ ಬೈಗುಳಕ್ಕೆ ನಗ್ತಿದ್ದಳು, ತಿರುಗಿ ಬೈತಿದ್ದಳು ಕೂಡ. ಇಬ್ಬರಿಗೂ ಅದೇ ಸ್ನೇಹ.

ಆ ಮಂಚಗಳಿಗೆ ಪಕ್ಕದಲ್ಲಿ ಕಂಬಿ ಇರುತ್ತೆ, ರೋಗಿ ಬೀಳದಿರಲಿ ಅಂತ ರಾತ್ರಿ ಮೇಲಕ್ಕೆತ್ತೋದು. ಹೊಲಿಗೆಯಮ್ಮನ ಮಂಚದ ಕಂಬಿಯ ಕೀಲು ಸಡಿಲ. ಎತ್ತಿದಾಗ ಸರಿಯಿರುತ್ತೆ, ಆಮೇಲೆ ಮೆಲ್ಲಗೆ ಕುಸಿದು ಟ್ಯೂಬನ್ನ ಹಲ್ಲಲ್ಲಿ ಹಿಡಿದ ಹಾಗೆ ಹಿಡಿದುಬಿಡುತ್ತೆ. ಅವಳು ಇವನಿಗೆ ಹೇಳಿದಳು, ಕಂಬಿ ಕಚ್ಚುತ್ತೆ ಕಣಪ್ಪಾ, ರಿಪೇರಿ ಮಾಡಿಸು ಅಂತ. ಹೇಳಿದಳು ಅಂದರೆ ಅವಳ ಗಂಟಲಲ್ಲಿ, ಇಡೀ ವಾರ್ಡಿಗೆ. ಇವನು ತುಟಿಯ ಮೇಲೆ ಬೆರಳಿಟ್ಟು ಉಶ್ ಅಂದು ಮುಂದೆ ಹೋದ.

ಆ ರಾತ್ರಿ ಡ್ಯೂಟಿಯಲ್ಲಿದ್ದದ್ದು ಹೊಸ ಹುಡುಗಿ. ಅವಳಿಗೆ ಪ್ಲಾಸ್ಟರ್ ವಿಷಯ ಗೊತ್ತಿಲ್ಲ. ಮುದುಕಿ ಹೆದರಿಕೊಂಡಿದ್ದು ನೋಡಿ ಸಮಾಧಾನ ಹೇಳಿದಳು. ಟ್ಯೂಬು ಎಲ್ಲಾದರೂ ಸಿಕ್ಕಿಕೊಂಡರೆ ಬಾಟಲಿಯೇ ಕೂಗುತ್ತೆ ಅಮ್ಮ, ನಾನು ಎಲ್ಲಿದ್ದರೂ ಓಡಿ ಬರ್ತೀನಿ, ನೀವು ಮಲಗಿ ಅಂತ. ಆಮೇಲೆ ವಾರ್ಡಿನ ಆ ತುದಿಯಲ್ಲಿ ಒಬ್ಬರಿಗೆ ಉಸಿರು ಸಿಕ್ಕಿಹಾಕಿಕೊಂಡಿತು. ಹುಡುಗಿ ಅವರ ಮುಖಕ್ಕೆ ಮಾಸ್ಕು ಒತ್ತಿ ಹಿಡಿದು ಬಹಳ ಹೊತ್ತು ಅಲ್ಲೇ ನಿಂತಳು. ಕಿವಿ ಮಾತ್ರ ಇತ್ತ ಕಡೆಯೇ ಇಟ್ಟಿದ್ದಳಂತೆ, ಕೂಗು ಬರುತ್ತೇನೋ ಅಂತ. ಬರಲಿಲ್ಲ. ಸದ್ಯ, ಅಮ್ಮ ನಿದ್ದೆ ಮಾಡ್ತಿದ್ದಾರೆ ಅಂದುಕೊಂಡಳು...

ಬೆಳಗಾದಾಗ ಹೊಲಿಗೆಯಮ್ಮ ಬದುಕಿರಲಿಲ್ಲ. ಕಂಬಿಯ ಕೀಲಿನಲ್ಲಿ ಟ್ಯೂಬು ಚಪ್ಪಟೆಯಾಗಿತ್ತು.

ಬೆಳಗಿನ ಪಾಳಿಗೆ ಬಂದ ನಮ್ಮ ಮಹಾನುಭಾವ ಏನು ಮಾಡಿದ? ಅವಳ ಕೈ ಮುಟ್ಟಿ ನೋಡಿದನಾ? ಇಲ್ಲ. ಉಗುರಿನಿಂದ ಮುಚ್ಚಳದ ಪ್ಲಾಸ್ಟರ್ ಕಿತ್ತ. ಆಮೇಲೆ ರೌಂಡ್ಸ್ ನೆಪದಲ್ಲಿ ಎಲ್ಲ ಬಾಟಲಿಯ ಪ್ಲಾಸ್ಟರನ್ನೂ ಕಿತ್ತು ಜೇಬಿಗೆ ಹಾಕಿಕೊಂಡ. ದೊಡ್ಡವರು ಬಂದು ಬಾಟಲಿ ಪರೀಕ್ಷೆ ಮಾಡಿದಾಗ ಅದು ಚೆನ್ನಾಗಿಯೇ ಕೂಗಿತು. ಹಾಗಾದರೆ ರಾತ್ರಿಯೂ ಕೂಗಿರಲೇಬೇಕು. ನರ್ಸಿಗೆ ಕೇಳಿಸಲಿಲ್ಲ ಅಂದರೆ ಅವಳು ಮಲಗಿದ್ದಳು ಅಂತ ಅರ್ಥ. ಹುಡುಗಿಯನ್ನ ಮನೆಗೆ ಕಳಿಸಿದರು. ಮಾರನೆಯ ದಿನ ವಿಚಾರಣೆ, ಅದು ಮುಗಿದರೆ ಅವಳು ಇನ್ನು ಬದುಕಿರುವವರೆಗೆ ನರ್ಸ್ ಕೆಲಸ ಮಾಡುವ ಹಾಗಿಲ್ಲ. ಆ ವಿಚಾರಣೆಯ ಹಿಂದಿನ ರಾತ್ರಿಯೇ ಬಾವಿಯ ಹತ್ತಿರ ಇವನಿಗೆ ಪಿಸುಮಾತು ಕೇಳಿಸಿದ್ದು.

ನಾನು ಕೇಳಿದೆ, ನಾಳೆ ಏನು ಹೇಳ್ತೀಯ ಅಂತ.

ತಲೆ ಕೆಳಗೆ ಹಾಕಿದ. "ಅಣ್ಣಾ, ಅವಳು ಚಿಕ್ಕವಳು. ಬೇರೆ ಏನಾದರೂ ಕೆಲಸ ಸಿಗುತ್ತೆ. ನನಗೆ ಈ ವಯಸ್ಸಿನಲ್ಲಿ ಯಾರು ಕೊಡ್ತಾರೆ?"

ನನ್ನ ಕೈಯಲ್ಲಿ ಲೋಟ ಇತ್ತು, ಎಸೆಯಲಿಲ್ಲ, ಅದೇ ದೊಡ್ಡದು. ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಸಿಟ್ಟಾದರೆ ಧ್ವನಿ ಇಳಿಯುತ್ತೆ, ಏರಲ್ಲ.

"ದೆವ್ವ ನಿನ್ನ ಹತ್ರ ಬಂದದ್ದು ಸರಿಯಾಗೇ ಇದೆ ಕಣಪ್ಪಾ," ಅಂದಳು. "ನಾನು ಸತ್ತಿದ್ದರೆ ನಾನೂ ಬರ್ತಿದ್ದೆ."

ಹಾಗಂತ ಬೈದು ಹಸಿದವನನ್ನ ಹಾಗೇ ಬಿಡೋ ಜಾತಿಯಲ್ಲ ಅವಳದು. ಒಲೆ ಮೇಲೆ ಅಕ್ಕಿ ಬೇಳೆ ಹಾಕಿ ಕುಕ್ಕರ್ ಇಟ್ಟಳು. ನಾವು ನಡುಮನೆಯಲ್ಲಿ ಕೂತಿದ್ದೆವು. ಬೇಳೆಯ ವಾಸನೆ ಬಂತು. ಆಮೇಲೆ ಸೀದ ವಾಸನೆ ಬಂತು. ಒಳಗೆ ಹೋಗಿ ನೋಡ್ತೀನಿ... ಕುಕ್ಕರಿನ ವೆಯ್ಟು ಎದ್ದು ನಿಂತಿದೆ. ಹಬೆ ರಭಸವಾಗಿ ಛಾವಣಿಗೆ ಹೊಡೀತಾ ಇದೆ. ಸದ್ದಿಲ್ಲ. ಎಳ್ಳಷ್ಟೂ ಇಲ್ಲ. ಕಿವಿಗೆ ಹತ್ತಿ ಇಟ್ಟ ಹಾಗೆ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವನು, ಕಿಂಡಿಯಿಂದ ಹಬೆ ನುಗ್ಗಿದರೆ ಸದ್ದು ಬರಲೇಬೇಕು ಅಂತ ಬೇಕಾದರೆ ಬರೆದು ತೋರಿಸ್ತೀನಿ. ಬರಲಿಲ್ಲ. ಹೆಂಡತಿ ಒಲೆ ಆರಿಸಿ ನನ್ನ ಮುಖ ನೋಡಿದಳು. ನಡುಮನೆಯಿಂದ ಇವನು ಕೇಳಿದ, ಅತ್ತಿಗೆ, ಕುಕ್ಕರ್ ಎಷ್ಟು ಸಲ ಕೂಗಿತು ಅಂತ.

ಹೆಂಡತಿ ಸೀದದ್ದನ್ನ ಬಿಟ್ಟು ಮೇಲಿನದನ್ನ ಅವನ ತಟ್ಟೆಗೆ ಬಡಿಸಿದಳು.

ಬೆಳಗ್ಗೆ ಅವನನ್ನ ರೆಟ್ಟೆ ಹಿಡಿದು ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ತಪ್ಪಿಸಿಕೊಂಡಾನು ಅಂತ. ವಿಚಾರಣೆ ವಾರ್ಡಿನಲ್ಲೇ ನಡೆಯಿತು, ಹೊಲಿಗೆಯಮ್ಮನ ಖಾಲಿ ಮಂಚದ ಪಕ್ಕ. ನನ್ನನ್ನ ಯಾರೂ ಒಳಗೆ ಬಾ ಅನ್ನಲಿಲ್ಲ, ಹೊರಗೆ ಹೋಗು ಅಂತಲೂ ಅನ್ನಲಿಲ್ಲ. ನನ್ನಂಥ ನಿವೃತ್ತರು ಎಲ್ಲಿ ನಿಂತರೂ ಜನ ಕಂಬ ಅಂದುಕೊಳ್ತಾರೆ. ಬಾಗಿಲ ಪಕ್ಕ ನಿಂತುಕೊಂಡೆ.

ಆಸ್ಪತ್ರೆಯ ಮುಖ್ಯಸ್ಥರು, ಹೊರಗಿನಿಂದ ಬಂದ ಒಬ್ಬ ಡಾಕ್ಟರಮ್ಮ, ನಮ್ಮವನು, ಆ ಹುಡುಗಿ. ಹುಡುಗಿ ಅತ್ತಿರಲಿಲ್ಲ. ಕಣ್ಣು ಕೆಂಪಗಿದ್ದದ್ದು ಸಿಟ್ಟಿಗೆ. ಮುಖ್ಯಸ್ಥರು ಅವಳಿಗೆ ಕೇಳಿದ್ದನ್ನೇ ಕೇಳಿದರು, ಅವಳು ಹೇಳಿದ್ದನ್ನೇ ಹೇಳಿದಳು. ಮಲಗಿರಲಿಲ್ಲ, ಬಾಟಲಿ ಕೂಗಲಿಲ್ಲ. ಮುಖ್ಯಸ್ಥರು ನಕ್ಕರು, ಆ ನಗು ನನಗೆ ಸೇರಲಿಲ್ಲ. ಡಾಕ್ಟರಮ್ಮ, ನನ್ನ ಕಣ್ಣೆದುರು ಇನ್ನೊಂದು ಸಲ ಪರೀಕ್ಷೆ ಮಾಡಿ ಅಂದರು.

ಅದೇ ಬಾಟಲಿ. ನಮ್ಮವನೇ ನಲ್ಲಿ ತಿರುಗಿಸಿದ. ಬುಳು ಬುಳು ಬುಳು... ಟ್ಯೂಬು ಮಡಚಿ ಹಿಡಿದ. ಗುಳ್ಳೆ ನಿಂತಿತು.

ಕೂಗಲಿಲ್ಲ.

ಮುಖ್ಯಸ್ಥರು ಮುಂದೆ ಬಂದು ತಾವೇ ಮಡಚಿದರು. ಕೂಗಲಿಲ್ಲ. ಪಕ್ಕದ ನಲ್ಲಿಯ ಬಾಟಲಿ ತಂದರು. ಅದೂ ಇಲ್ಲ. ನಮ್ಮವನ ಮುಖ ಸುಣ್ಣವಾಯಿತು, ಬೆರಳಿನಿಂದ ಮುಚ್ಚಳದ ಕಿಂಡಿ ಸವರಿದ. ಹೊರಗೆ ಏನೂ ಇಲ್ಲ, ನುಣ್ಣಗಿದೆ. ಸ್ಟೋರಿನಿಂದ ಹೊಸ ಪ್ಯಾಕೆಟ್ ತರಿಸಿದರು, ಫ್ಯಾಕ್ಟರಿಯ ಸೀಲು ಹಾಗೇ ಇದ್ದದ್ದು. ಡಾಕ್ಟರಮ್ಮ ತಾವೇ ಹರಿದು, ತಾವೇ ನೀರು ತುಂಬಿ, ತಾವೇ ಜೋಡಿಸಿದರು. ಬುಳು ಬುಳು ಬುಳು... ಮಡಚಿದರು...

ವಾರ್ಡಿನಲ್ಲಿ ಗಡಿಯಾರದ ಟಿಕ್ ಟಿಕ್ ಮಾತ್ರ.

ಡಾಕ್ಟರಮ್ಮ ಮುಚ್ಚಳ ಬಿಚ್ಚಿ, ತಿರುವಿ, ಟಾರ್ಚು ಹಾಕಿದರು. ಕಿಂಡಿಗೆ ಪ್ಲಾಸ್ಟರ್ ಅಂಟಿತ್ತು. ಒಳಗಡೆಯಿಂದ. ಅಲ್ಲಿಗೆ ಬೆರಳು ಹೋಗಲ್ಲ, ಚಿಮಟವೂ ಹೋಗಲ್ಲ. ಎಲ್ಲ ಮುಚ್ಚಳ ತಿರುವಿದರು. ಎಲ್ಲದರಲ್ಲೂ ಒಳಗಡೆಯಿಂದ.

ಈಗ ನೋಡಿ ದೊಡ್ಡವರ ಬುದ್ಧಿ. ಮುಖ್ಯಸ್ಥರ ಮುಖ ಅರಳಿತು. ಇದು ಕಂಪನಿಯವರ ತಪ್ಪು ಅಂದರು. ಹುಡುಗಿಯದೂ ಅಲ್ಲ, ನಮ್ಮದೂ ಅಲ್ಲ, ಯಾರದೂ ಅಲ್ಲ. ಕಂಪನಿಗೆ ಬರೆಯೋಣ, ಇಲ್ಲಿಗೆ ಮುಗಿಸೋಣ ಅಂತ ಎದ್ದರು. ಹುಡುಗಿಗೆ ಕೆಲಸ ಉಳಿಯಿತು, ನಮ್ಮವನಿಗೆ ಕುರ್ಚಿ ಉಳಿಯಿತು. ಅವನು ಬಾಯಿಮುಚ್ಚಿಕೊಂಡಿದ್ದರೆ ಸಾಕಿತ್ತು. ಸತ್ತವಳದು ಮಾತ್ರ ಯಾರಿಗೂ ಬೇಡದ ಸಾವಾಗಿ ಹೋಗ್ತಿತ್ತು. ನನ್ನ ಹೊಟ್ಟೆ ಉರಿದುಹೋಯಿತು, ಆದರೆ ಕಂಬ ಮಾತಾಡಬಾರದಲ್ಲ.

ಆಗ ಅವನು ಬೆಚ್ಚಿಬಿದ್ದು ಹಿಂದೆ ತಿರುಗಿದ. ಹಿಂದೆ ಖಾಲಿ ಮಂಚ. ನನಗೆ ಏನೂ ಕೇಳಿಸಲಿಲ್ಲ. ಆಮೇಲೆ ಅವನೇ ಹೇಳಿದ್ದು... ಕಿವಿಯ ಹತ್ತಿರ, ತೇವದ ಉಸಿರು ತಾಗಿತಂತೆ. ಒಂದೇ ಮಾತು ಅಂದಳಂತೆ.

"ಉಶ್..."

ಜೀವನವೆಲ್ಲ ಊರಿಗೆಲ್ಲ ಅಂದವನು. ಯಾರೂ ಅವನಿಗೆ ಅಂದಿರಲಿಲ್ಲ. ಅವನ ಕುತ್ತಿಗೆಯ ನರ ಉಬ್ಬಿತು. ಹೆದರಿಕೆಯೋ ಸಿಟ್ಟೋ ನಾಚಿಕೆಯೋ, ಗಂಟಲು ಹರಿಯುವ ಹಾಗೆ ಕಿರುಚಿದ.

"ನಾನೇ! ಅಂಟಿಸಿದ್ದು ನಾನೇ! ಕಿತ್ತದ್ದೂ ನಾನೇ!"

ಆ ಶಾಂತ ವಾರ್ಡಿನಲ್ಲಿ ಅಷ್ಟು ದೊಡ್ಡ ಧ್ವನಿ ಯಾವತ್ತೂ ಎದ್ದಿರಲಿಲ್ಲ. ಮಲಗಿದ್ದ ರೋಗಿಗಳೆಲ್ಲ ಎದ್ದು ಕೂತರು. ಮುಖ್ಯಸ್ಥರು ಅವನ ತೋಳು ಹಿಡಿದು, ನಿಮಗೆ ಸುಸ್ತಾಗಿದೆ, ಕೂತ್ಕೊಳ್ಳಿ ಅಂತ ಮೆಲ್ಲಗೆ ಒತ್ತಿದರು. ಅವನು ಕೊಡವಿಕೊಂಡು ಎಲ್ಲ ಹೇಳಿದ. ಶೀಲ್ಡು, ಕಂಬಿ, ಪ್ಲಾಸ್ಟರ್, ಜೇಬು, ಒಂದನ್ನೂ ಬಿಡಲಿಲ್ಲ.

ಹುಡುಗಿ ಅವನ ಎದುರು ಬಂದು ನಿಂತಳು. ಹೊಡೀತಾಳೆ ಅಂದುಕೊಂಡೆ. ಹೊಡೆದಿದ್ದರೆ ನಾನು ಬಿಡಿಸುವುದಕ್ಕೆ ಹೋಗ್ತಿರಲಿಲ್ಲ.

"ನನ್ನ ಕೆಲಸ ಹೋಗಿದ್ದರೆ ಹೋಗ್ತಿತ್ತು ಸಾರ್," ಅಂದಳು. "ಬಾಟಲಿ ಕೂಗುತ್ತೆ ಅಂತ ನಾನು ಅವರಿಗೆ ಮಾತು ಕೊಟ್ಟಿದ್ದೆ. ಅದನ್ನ ನಂಬಿ ಅವರು ಕಣ್ಣು ಮುಚ್ಚಿದ್ದು. ನನ್ನ ಬಾಯಲ್ಲಿ ಸುಳ್ಳು ಹೇಳಿಸಿಬಿಟ್ರಲ್ಲ."

ಅವನು ತುಟಿ ಆಡಿಸಿದ. ಧ್ವನಿ ಬರಲಿಲ್ಲ. ಅವತ್ತು ಒಡೆದ ಗಂಟಲು ಆಮೇಲೂ ಸರಿಯಾಗಲಿಲ್ಲ, ಈಗಲೂ ಅವನು ಮಾತಾಡಿದರೆ ಕಾಗದ ಉಜ್ಜಿದ ಹಾಗೆ. ಕೆಲಸ ಹೋಯಿತು. ಹೋಗಬೇಕಾದದ್ದೇ. ನಾನು ಅವನನ್ನ ಮಾತಾಡಿಸುವುದು ಇತ್ತೀಚೆಗೆ, ಅದೂ ದೊಡ್ಡಮ್ಮನ ಮುಖ ನೋಡಿ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ ನಾನೂ.

ಮೊನ್ನೆ ನನ್ನ ಹಳೆಯ ಕಾಲೇಜು ಗೆಳೆಯ ಅದೇ ವಾರ್ಡಿಗೆ ಸೇರಿದ. ನೋಡುವುದಕ್ಕೆ ಹೋದಾಗ ಸಂಜೆಯಾಗಿ ಕತ್ತಲು ಇಳಿದಿತ್ತು. ಡ್ಯೂಟಿಯಲ್ಲಿ ಆ ಹುಡುಗಿಯೇ. ವಾರ್ಡಿನ ನಡುವೆ ನಿಂತು ಏನೋ ಬರೀತಿದ್ದವಳು ಥಟ್ಟನೆ ತಲೆಯೆತ್ತಿದಳು. ಮೂಲೆಯ ಕಡೆ ನೋಡಿ, ಬೇಜಾರಿನಿಂದ, ಮನೆಯವರಿಗೆ ಹೇಳುವ ಹಾಗೆ ಹೇಳಿದಳು.

"ಬಂದೆ ಬಂದೆ... ಅಷ್ಟೊಂದು ಬೈಬೇಡಿ."

ಅಂದವಳೇ ನೇರ ನನ್ನ ಗೆಳೆಯನ ಹತ್ತಿರ ಬಂದು, ಅವನ ಭುಜದ ಕೆಳಗೆ ಕೈ ಹಾಕಿ ಟ್ಯೂಬು ಎಳೆದಳು. ಅದು ಮಡಚಿಕೊಳ್ಳುವುದಕ್ಕೆ ಶುರುವಾಗಿತ್ತು ಅಷ್ಟೇ. ಬಾಟಲಿ ಇನ್ನೂ ಕೂಗಿರಲಿಲ್ಲ. ಯಾರು ಬೈದದ್ದು ಅಂತ ಕೇಳಿದೆ. ನಿಮಗೆ ಕೇಳಿಸಲಿಲ್ವಾ ಅಂಕಲ್, ಇಡೀ ವಾರ್ಡಿಗೆ ಕೇಳಿಸ್ತಲ್ಲ ಅಂದು ಹೋಗಿಬಿಟ್ಟಳು.

ಮೂಲೆಗೆ ಹೋಗಿ ನೋಡಿದೆ. ಹೊಲಿಗೆಯಮ್ಮನ ಜಾಗ ಅದು. ಮಂಚ ತೆಗೆದುಬಿಟ್ಟಿದ್ದಾರೆ, ಬಾಟಲಿಯೂ ಇಲ್ಲ, ಟ್ಯೂಬೂ ಇಲ್ಲ. ಗೋಡೆಯ ನಲ್ಲಿಗೆ ಗಾಜಿನ ಮೀಟರು ಮಾತ್ರ ಉಳಿದಿದೆ. ಅದರೊಳಗೆ ಒಂದು ಪುಟ್ಟ ಗುಂಡು ಇರುತ್ತೆ, ಆಕ್ಸಿಜನ್ ಹರಿಯುತ್ತಿದ್ದರೆ ಮೇಲೇಳುತ್ತೆ, ನಿಲ್ಲಿಸಿದರೆ ತಳಕ್ಕೆ ಬೀಳುತ್ತೆ. ಗುಂಡು ಮೇಲಿತ್ತು. ಮೆಲ್ಲಗೆ ಏರ್ತಿತ್ತು, ಇಳೀತಿತ್ತು... ಮಲಗಿದವರ ಎದೆಯ ಹಾಗೆ. ಯಾರೋ ನಲ್ಲಿ ಮುಚ್ಚೋದು ಮರೆತಿದ್ದಾರೆ ಅಂದುಕೊಂಡು ತಿರುಗಿಸೋಕೆ ಹೋದೆ. ತಿರುಗಲಿಲ್ಲ, ಬಿಗಿಯಾಗಿ ಮುಚ್ಚಿಯೇ ಇತ್ತು. ಗಾಳಿ ಹೊರಬರುವ ಮೀಟರಿನ ಬಾಯಿಗೆ ಅಂಗೈ ಒಡ್ಡಿದೆ. ಗಾಳಿ ಬರ್ತಿರಲಿಲ್ಲ.

ಕನ್ನಡಕ ಹಾಕಿಕೊಂಡೇ ನೋಡಿದ್ದು. ಗುಂಡು ಆಡ್ತಲೇ ಇತ್ತು.